ಮಂಡಿನೋವಿನವರಿಗೆ ಲಿವರ್ ಪ್ರಶ್ನೆ

ಹೆಪಟೈಟಿಸ್ ಬಿ, ಸಿ ವೈರಸ್ಸುಗಳು ಬಹಳ ಸಂಭಾವಿತರು. ಹತ್ತಿಪ್ಪತ್ತು ವರ್ಷ ಲಿವರಿನಲ್ಲಿ ಬಿಡಾರ ಹೂಡಿದ್ದರೂ ತುಟಿಪಿಟಕ್ಕೆನ್ನುವುದಿಲ್ಲ. ಆರೋಗ್ಯ ವ್ಯವಸ್ಥೆಯೂ ಅಷ್ಟೇ ಸಂಭಾವಿತ, ತಾನಾಗಿ ಮಾತಾಡಿಸುವುದಿಲ್ಲ. ಈ ಪರಸ್ಪರ ಮರ್ಯಾದೆಯ ಫಲವನ್ನು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ: 2022ರಲ್ಲಿ ಬಿ ವೈರಸ್ ಹೊತ್ತಿದ್ದವರು 25.4 ಕೋಟಿ, ಅದು ಪತ್ತೆಯಾಗಿದ್ದು ನೂರಕ್ಕೆ 13 ಮಂದಿಗೆ. 2030ರೊಳಗೆ ಈ ಪಿಡುಗನ್ನು ಮುಗಿಸುತ್ತೇವೆಂದು ಸದಸ್ಯ ರಾಷ್ಟ್ರಗಳು 2016ರಲ್ಲೇ ಒಪ್ಪಿವೆ. ಒಪ್ಪುವುದಕ್ಕೇನು, ರಕ್ತ ಕೊಡಬೇಕೇ?

ಹುಡುಕುವ ಹೊಣೆ ಡಾಕ್ಟರದ್ದು. ಎದುರಿಗೆ ಮಂಡಿನೋವೆಂದು ಬಂದವರು, ಅವರ ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಮುಂದಿನ ರೋಗಿಯ ಅರ್ಧ ದೇಹ. ಈ ವೈರಸ್ಸುಗಳು ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಹರಡುತ್ತವಲ್ಲ, ಹಾಗಾಗಿ ಡಾಕ್ಟರು ಪರದೆ ನೋಡಿಕೊಂಡೇ ಕೇಳಬೇಕು: “ಸೂಜಿಯಲ್ಲಿ ಡ್ರಗ್ಸ್ ತಗೊಂಡಿದ್ದೀರಾ? ಎಷ್ಟು ಜನರ ಜೊತೆ ಸಂಬಂಧ ಇತ್ತು?” ಅತ್ತೆಯ ಕಿವಿ ನೆಟ್ಟಗಾಗುತ್ತದೆ. “ಛೆ ಛೆ, ಏನ್ ಸಾರ್ ನೀವು!” ಅಲ್ಲಿಗೆ ‘ಅಪಾಯವಿಲ್ಲ’ ಎಂಬ ಚೌಕಕ್ಕೆ ಗುರುತು ಬಿತ್ತು. ಬಿ ವೈರಸ್ ಹೆರಿಗೆಯ ಹೊತ್ತಿಗೇ ತಾಯಿಯಿಂದ ಬಂದಿರಬಹುದಲ್ಲ? ಆ ಪ್ರಶ್ನೆ ಫಾರಂನ ಎರಡನೇ ಪುಟದಲ್ಲಿದೆ. ಎರಡನೇ ಪುಟದವರೆಗೆ ಹೋದ ಡಾಕ್ಟರು ಸಿಕ್ಕರೆ ಸನ್ಮಾನ ಮಾಡೋಣ.

ಈ ಮುಜುಗರವೇ ಬೇಡ, ವಯಸ್ಕರೆಲ್ಲರಿಗೂ ಜೀವನದಲ್ಲಿ ಒಮ್ಮೆಯಾದರೂ ಬಿ ಪರೀಕ್ಷೆ ಮಾಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿತು. ಒಳ್ಳೆಯ ಮಾತೇ. ಅದಕ್ಕಾಗಿ ಡಾಕ್ಟರ ಕಂಪ್ಯೂಟರಿನಲ್ಲಿ ನೆನಪಿಸುವ ಒಂದು ಹಳದಿ ಚೌಕ ಪುಟಿದೇಳುವಂತೆ ಮಾಡಿದರಾಯಿತು. ಆದರೆ ಅಲ್ಲಿ ಆಗಲೇ ಬಿಪಿಯದೊಂದು, ಶುಗರಿನದೊಂದು, ಲಸಿಕೆಯದೊಂದು ಚೌಕ ಕೂತಿವೆ. ನೊಣ ಓಡಿಸಿದ ಹಾಗೆ ಡಾಕ್ಟರ ಬೆರಳು ಅವನ್ನೆಲ್ಲ ಮುಚ್ಚುತ್ತ ಹೋಗುತ್ತದೆ, ಕಣ್ಣು ಮಂಡಿಯ ಎಕ್ಸ್‌ರೇ ಮೇಲಿರುತ್ತದೆ.

ಇನ್ನು ಸಿ ವೈರಸ್ಸಿನ ಕಥೆ. ಮೊದಲ ಪರೀಕ್ಷೆ ಪಾಸಿಟಿವ್ ಬಂದರೆ ಅರ್ಥ ಇಷ್ಟೇ: ವೈರಸ್ ಎಂದೋ ಒಮ್ಮೆ ಒಳಗೆ ಬಂದಿತ್ತು. ಈಗಲೂ ಇದೆಯೇ ಎಂದು ತಿಳಿಯಲು ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ ಬೇಕು. ಅದೇ ದಿನದ ರಕ್ತದಲ್ಲೇ ಮಾಡಬಹುದು, ಮಾಡುವ ಲ್ಯಾಬುಗಳೂ ಇವೆ. ಉಳಿದ ಕಡೆ ಹೊಸ ಚೀಟಿ, ಹೊಸ ಸರದಿ, ಹೊಸ ಸೂಜಿ. ರೋಗಿ ಮತ್ತೆ ಬರುವುದಿಲ್ಲ. ಕಡತದಲ್ಲಿ ಮಾತ್ರ ‘ಸ್ಕ್ರೀನಿಂಗ್ ಮುಗಿದಿದೆ’. ಎರಡು ಮೂರು ತಿಂಗಳ ಮಾತ್ರೆಯಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಜನರಿಗೆ ವಾಸಿಯಾಗುವ ಕಾಯಿಲೆಯ ಪಾಡು ಇದು.

ಜುಲೈ 28, ವಿಶ್ವ ಹೆಪಟೈಟಿಸ್ ದಿನ. ಬ್ಯಾನರ್, ಬಲೂನು, ಬಿಸ್ಕತ್ತು. ಆಮೇಲೆ ಪರಿಶೀಲನಾ ಸಭೆ: ತಪಾಸಣೆ ಏಕೆ ಏರುತ್ತಿಲ್ಲ? ಗಹನ ಚರ್ಚೆಯ ನಂತರ ತೀರ್ಮಾನ: ಹಳದಿ ಚೌಕವನ್ನು ಕೆಂಪು ಮಾಡುವುದು. ಇನ್ನು ಅದನ್ನು ಮುಚ್ಚಬೇಕಾದರೆ ಡಾಕ್ಟರು ಪಟ್ಟಿಯಿಂದ ಒಂದು ಕಾರಣ ಆರಿಸಬೇಕು. ‘ಸಮಯವಿಲ್ಲ’ ಎಂಬುದು ಆ ಪಟ್ಟಿಯಲ್ಲಿಲ್ಲ.