ಊರಿಗೊಬ್ಬಳೇ ಪದ್ಮಾವತಿ, ಲೆಕ್ಕಕ್ಕೆ ಇಬ್ಬರು

ಊರಿಗೊಬ್ಬಳೇ ಪದ್ಮಾವತಿ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಅದನ್ನು ಬೋರ್ಡ್ ಬರೆಸಿ ಹಾಕಿದ್ದರು. ರಸ್ತೆ ಪಕ್ಕ ಹಸಿರು ಫಲಕ, ಅದರ ಮೇಲೆ ಊರಿನ ಹೆಸರು ಮೊನೊವೈ, ಜೊತೆಗೆ ಜನಸಂಖ್ಯೆ: 1.

ಆ ಒಂದು ಅಂದರೆ ಎಲ್ಸಿ ಐಲರ್ ಅನ್ನುವ ಅಜ್ಜಿ. ಊರಿನ ಏಕೈಕ ಹೆಂಡದಂಗಡಿ ಅವರದೇ. ಅದಕ್ಕೆ ಲೈಸೆನ್ಸ್ ಬೇಕಲ್ವಾ? ಅಂಗಡಿಯವರಾಗಿ ಅರ್ಜಿ ಹಾಕೋದು, ಗುಮಾಸ್ತೆಯಾಗಿ ಸಹಿ ಮಾಡೋದು, ಮೇಯರ್ ಆಗಿ ಮಂಜೂರು ಮಾಡೋದು ಎಲ್ಲವೂ ಅವರೇ. ಫೈಲು ಮೇಜಿನಿಂದ ಮೇಜಿಗೆ ಹೋಗುವ ಗೋಜೇ ಇಲ್ಲ, ಒಂದೇ ಮೇಜು. ಚುನಾವಣೆಯ ಚೀಟಿಯನ್ನೂ ಅಂಗಡಿಯಲ್ಲೇ ಅಂಟಿಸಿ, ತಮಗೆ ತಾವೇ ವೋಟು ಹಾಕಿ ಗೆಲ್ಲುತ್ತಿದ್ದರು. ತಮ್ಮಿಂದಲೇ ಕರ ವಸೂಲಿ ಮಾಡುತ್ತಿದ್ದರು. ಊರಿನ ನಾಲ್ಕು ಬೀದಿದೀಪಕ್ಕೆ ರಾಜ್ಯದಿಂದ ಹಣ ಬರಬೇಕಾದರೆ ಪ್ರತಿವರ್ಷ ರಸ್ತೆ ಯೋಜನೆ ಬರೆದು ಕಳಿಸಬೇಕಿತ್ತು. ಅದನ್ನೂ ಕಳಿಸುತ್ತಿದ್ದರು.

ಮೊದಲು ಹೀಗಿರಲಿಲ್ಲ. 1902ರಲ್ಲಿ ರೈಲು ಬಂತು, ಊರು ಎದ್ದಿತು. 1930ರ ದಶಕದಲ್ಲಿ ನೂರೈವತ್ತು ಜನ ಇದ್ದರಂತೆ. ಆಮೇಲೆ ಬೇಸಾಯ ದೊಡ್ಡ ಹಿಡುವಳಿಗಳ ಪಾಲಾಯಿತು, ಹುಡುಗರು ಪಟ್ಟಣ ಸೇರಿದರು. 1967ರಲ್ಲಿ ಅಂಚೆ ಕಚೇರಿ ಮುಚ್ಚಿತು, 1974ರಲ್ಲಿ ಶಾಲೆ. 2000ದ ಗಣತಿಗೆ ಉಳಿದವರು ಇಬ್ಬರೇ, ಎಲ್ಸಿ ಮತ್ತು ಗಂಡ ರೂಡಿ. 2004ರಲ್ಲಿ ರೂಡಿ ತೀರಿಕೊಂಡರು. ಅವರು ಕೂಡಿಟ್ಟ ಐದು ಸಾವಿರ ಪುಸ್ತಕಗಳಿಗೆ ಒಂದು ಪುಟ್ಟ ಕೊಠಡಿಯಲ್ಲಿ ಲೈಬ್ರರಿ ಆಯಿತು. ಗ್ರಂಥಪಾಲಕರು ಯಾರು ಅಂತ ಬೇರೆ ಹೇಳಬೇಕಾ?

2010ರ ಗಣತಿಯಲ್ಲಿ 1. ಸರಿಯಾದ ಲೆಕ್ಕ. ಬೆರಳೂ ಬೇಡ, ಎಣಿಸಿಬಿಡಬಹುದು.

2021ರ ಆಗಸ್ಟಿನಲ್ಲಿ ಹೊಸ ಗಣತಿಯ ಅಂಕಿ ಬಂತು ನೋಡಿ, ಮೊನೊವೈ: 2. ಹತ್ತು ವರ್ಷದಲ್ಲಿ ನೂರಕ್ಕೆ ನೂರು ಬೆಳವಣಿಗೆ! ಇಡೀ ಊರಿಗೇ ಆಶ್ಚರ್ಯ. ಇಡೀ ಊರು ಅಂದರೆ ಅಜ್ಜಿಗೆ.

ತಪ್ಪಾಗಿದ್ದಲ್ಲ, ಬೇಕಂತಲೇ ಮಾಡಿದ್ದು. ಗಣತಿಯಲ್ಲಿ ಕೊಟ್ಟ ವಿವರ ಯಾರದೆಂದು ಪತ್ತೆಯಾಗಬಾರದು ಅನ್ನುವುದು ಅಲ್ಲಿನ ಕಾನೂನು. ಒಬ್ಬೊಬ್ಬರ ಹಾಳೆಗೆ 72 ವರ್ಷ ಬೀಗ. ಈಗಿನ ಕಂಪ್ಯೂಟರುಗಳು ಒಟ್ಟು ಲೆಕ್ಕದಿಂದಲೂ ಮನುಷ್ಯರನ್ನು ಹೆಕ್ಕಿ ತೆಗೆಯುತ್ತವೆ ಅನ್ನುವ ಭಯಕ್ಕೆ, ಊರುಗಳ ಅಂಕಿಯನ್ನು ಸ್ವಲ್ಪ ಆಚೀಚೆ ಮಾಡಿ ಪ್ರಕಟಿಸುತ್ತಾರೆ. ಸಂತೆಯಲ್ಲಿ ತಕ್ಕಡಿ ಒತ್ತಿದರೆ ಬೈಗುಳ. ಇಲ್ಲಿ ಅದಕ್ಕೆ ಡಿಫರೆನ್ಷಿಯಲ್ ಪ್ರೈವೆಸಿ ಅನ್ನುವ ಹೆಸರಿದೆ, ಸೂತ್ರವೂ ಇದೆ.

ಉದ್ದೇಶ ಒಳ್ಳೆಯದೇ, ಸುಮ್ನೆ ಯಾಕೆ ಬೈಯಲಿ. ಷಿಕಾಗೋದಲ್ಲಿ ನಾಲ್ಕು ಜನ ಜಾಸ್ತಿ ಆದರೆ ಯಾರಿಗೂ ತಿಳಿಯೋದಿಲ್ಲ. ಆದರೆ ಒಂದಕ್ಕೆ ಒಂದು ಕೂಡಿಸಿ ಯಾರನ್ನು ಬಚ್ಚಿಟ್ಟ ಹಾಗಾಯಿತು? ಟೀವಿಯವರು ಕ್ಯಾಮೆರಾ ಹೊತ್ತು ಬಂದು, ಅಜ್ಜಿಯ ಮುಖ, ಅಂಗಡಿ, ಲೈಬ್ರರಿಯ ಕಪಾಟು ಎಲ್ಲವನ್ನೂ ಜಗತ್ತಿಗೆ ತೋರಿಸಿ ವರ್ಷಗಳೇ ಆಗಿದ್ದವು. ಜಗತ್ತಿಗೆಲ್ಲ ಗೊತ್ತಿದ್ದ ಗುಟ್ಟನ್ನು ಇಲಾಖೆ ಕಾಪಾಡಿತು.

ಇನ್ನೊಂದು ತಮಾಷೆ ಇದೆ. ಇಡೀ ರಾಜ್ಯದ ಒಟ್ಟು ಸಂಖ್ಯೆಯನ್ನು ಮಾತ್ರ ಅವರು ಮುಟ್ಟುವುದಿಲ್ಲ, ಅದು ಪಕ್ಕಾ. ಅಂದಮೇಲೆ ಮೊನೊವೈಗೆ ಬಂದವರು ನೆಬ್ರಾಸ್ಕದ ಇನ್ಯಾವುದೋ ಊರಿನ ಲೆಕ್ಕದಿಂದ ಕಾಣೆಯಾಗಿರಬೇಕು. ಪಾಪ, ಊಟ ಮಾಡುತ್ತಾ ಕೂತಿದ್ದವರನ್ನು ಎತ್ತಿಕೊಂಡು ಬಂದು ಇಲ್ಲಿ ಹಾಕಿದ್ದಾರೆ.

ನನಗೆ ಚಿಂತೆ ಅಜ್ಜಿಯದು. ಅಲ್ಲಿಯವರೆಗೆ ಊರೆಲ್ಲ ಒಮ್ಮತದಿಂದ ಆರಿಸಿದ ಮೇಯರ್, ರಾತ್ರೋರಾತ್ರಿ ಅರ್ಧ ಊರಿನ ಬೆಂಬಲಕ್ಕೆ ಇಳಿದರು. ಆ ಎರಡನೆಯವರು ವೋಟಿಗೂ ಬರಲಿಲ್ಲ, ಒಂದು ಬಿಯರಿಗೂ ಬರಲಿಲ್ಲ. ಕರ ಬಾಕಿ ಬೇರೆ. ನೋಟಿಸು ಬರೆಯೋಣ ಅಂದರೆ ಅಂಟಿಸುವುದಕ್ಕೆ ಬಾಗಿಲೆಲ್ಲಿ? ಉಳಿದ ಮನೆಗಳಲ್ಲಿ ಹುಲ್ಲು ಬೆಳೆದಿತ್ತು.