ಮಾಡದ ತಪ್ಪಿಗೆ ಕೇಳದ ಕ್ಷಮೆ

ಅಮೆರಿಕದ ಅಂಧ ಗಾಯಕ ರೇ ಚಾರ್ಲ್ಸ್ ಅವರ ಬದುಕಿನ ಮೇಲಿನ 'ರೇ' ಸಿನಿಮಾ ನೋಡುತ್ತ ನಾನು ಅತ್ತಿದ್ದೇನೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದೂ ಎಲ್ಲರೂ ಅಳುವ ಜಾಗದಲ್ಲಿ ಅಲ್ಲ. ಪುಟ್ಟ ತಮ್ಮ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿ ಸಾಯುವಾಗ ಗಟ್ಟಿ ಮನಸ್ಸು ಮಾಡಿ ಕುಳಿತಿದ್ದೆ. ಹುಡುಗನ ಕಣ್ಣು ಮಂಜಾಗುತ್ತ ಮಂಜಾಗುತ್ತ ಏಳನೆಯ ವಯಸ್ಸಿಗೆ ಪೂರ್ತಿ ಕತ್ತಲಾದಾಗಲೂ ತಡೆದುಕೊಂಡೆ. ಕಟ್ಟೆ ಒಡೆದದ್ದು ಕೊನೆಯಲ್ಲಿ, ಸರ್ಕಾರ ಕ್ಷಮೆ ಕೇಳಿದಾಗ. ಸರ್ಕಾರ ಕ್ಷಮೆ ಕೇಳುವುದನ್ನು ನೋಡಿ ಅಭ್ಯಾಸವಿಲ್ಲದವರಿಗೆ ಹಾಗಾಗುತ್ತದೆ.

ದೃಶ್ಯ ಇಷ್ಟೇ. 1979ನೇ ಇಸವಿ, ಅಮೆರಿಕದ ಜಾರ್ಜಿಯಾ ರಾಜ್ಯದ ಶಾಸನಸಭೆ. ಕಪ್ಪುವರ್ಣೀಯರನ್ನು ಬೇರೆ ಕೂರಿಸುವ ಸಭೆಯಲ್ಲಿ ಹಾಡುವುದಿಲ್ಲ ಎಂದ ಒಂದೇ ತಪ್ಪಿಗೆ ಗಾಯಕ ರೇ ಚಾರ್ಲ್ಸ್ ಮೇಲೆ ಆಜೀವ ನಿಷೇಧ ಹೇರಿದ್ದ ರಾಜ್ಯ ಅದು. ಈಗ ಅದೇ ರಾಜ್ಯ ತಲೆಬಾಗಿ, ಕ್ಷಮೆ ಯಾಚಿಸಿ, ನಿಷೇಧ ಹಿಂತೆಗೆದು, ಅವರು ಹಾಡಿದ 'ಜಾರ್ಜಿಯಾ ಆನ್ ಮೈ ಮೈಂಡ್' ಗೀತೆಯನ್ನು ತನ್ನ ನಾಡಗೀತೆ ಮಾಡಿಕೊಳ್ಳುತ್ತದೆ. ಕಪ್ಪು ಕನ್ನಡಕ, ಚಪ್ಪಾಳೆ, ಸಂಗೀತ, ನನ್ನ ಕರವಸ್ತ್ರ.

ಆಮೇಲೆ ಓದಿ ತಿಳಿದದ್ದು: ಜಾರ್ಜಿಯಾ ಅವರನ್ನು ಯಾವತ್ತೂ ನಿಷೇಧಿಸಿಯೇ ಇರಲಿಲ್ಲ. ನಿಷೇಧವೇ ಇಲ್ಲದ ಮೇಲೆ ಅದನ್ನು ಹಿಂತೆಗೆಯುವುದೆಲ್ಲಿಂದ ಬಂತು, ಕ್ಷಮೆ ಕೇಳುವುದೆಲ್ಲಿಂದ ಬಂತು? ಇಡೀ ದೃಶ್ಯದಲ್ಲಿ ಅಸಲಿಯಾಗಿದ್ದದ್ದು ಆ ಹಾಡು ಮತ್ತು ನನ್ನ ಕಣ್ಣೀರು, ಎರಡೇ.

ನಿಜವಾಗಿ ನಡೆದದ್ದು ಹೀಗೆ. 1961ರ ಮಾರ್ಚ್ 15ರಂದು ಜಾರ್ಜಿಯಾದ ಅಗಸ್ಟಾ ನಗರದ ಬೆಲ್ ಸಭಾಂಗಣದಲ್ಲಿ ರೇ ಚಾರ್ಲ್ಸ್ ಹಾಡಬೇಕಿತ್ತು. ಕುಣಿಯುವ ವಿಶಾಲ ಅಂಗಳ ಬಿಳಿಯರಿಗೆ. ಕಪ್ಪುವರ್ಣೀಯರು ಮೇಲೆ ಬಾಲ್ಕನಿಯಲ್ಲಿ ಕುಳಿತು ಅವರ ಕುಣಿತ ನೋಡಬಹುದು. ಇದಕ್ಕೆ ನಮ್ಮ ಭಾಷೆಯಲ್ಲಿ ಪಂಕ್ತಿಭೇದ ಎಂಬ ಅಚ್ಚುಕಟ್ಟಾದ ಪದವಿದೆ. ಕೇಳಿದ್ದರೆ ಎರವಲು ಕೊಡುತ್ತಿದ್ದೆವು, ನಮಗೆ ಅನುಭವ ಹೆಚ್ಚು. ಅಲ್ಲಿಯ ಪೇನ್ ಕಾಲೇಜಿನ ವಿದ್ಯಾರ್ಥಿಗಳು ಈ ವ್ಯವಸ್ಥೆಯನ್ನು ರೇ ಚಾರ್ಲ್ಸ್ ಕಿವಿಗೆ ಹಾಕಿದರು. ರೇ ತಾವು ಏಕೆ ಹಾಡುವುದಿಲ್ಲ ಎಂಬುದನ್ನು ಜನರಿಗೆ ತಿಳಿಸಿ ಊರು ಬಿಟ್ಟರು. ಕಾರ್ಯಕ್ರಮ ಏರ್ಪಡಿಸಿದ್ದವನು ಕರಾರು ಮುರಿದರೆಂದು ದಾವೆ ಹೂಡಿದ. 1962ರ ಜೂನ್‌ನಲ್ಲಿ ಅಟ್ಲಾಂಟಾದ ನ್ಯಾಯಾಲಯ 757 ಡಾಲರ್ ತೆರಬೇಕೆಂದು ತೀರ್ಪು ಕೊಟ್ಟಿತು. ನಿಷೇಧವೂ ಇಲ್ಲ, ಗಡಿಪಾರೂ ಇಲ್ಲ. ಒಂದು ಹಣದ ವ್ಯಾಜ್ಯ, ಅಷ್ಟೇ.

757 ಡಾಲರನ್ನು ಬೆಳ್ಳಿತೆರೆಯ ಮೇಲೆ ತೋರಿಸುವುದು ಹೇಗೆ ಹೇಳಿ. ರಸೀದಿಯನ್ನು ಎಷ್ಟು ಹತ್ತಿರದಿಂದ ಚಿತ್ರಿಸಿದರೂ ಯಾರೂ ಅಳುವುದಿಲ್ಲ. ಆದ್ದರಿಂದ ಅದು ಆಜೀವ ನಿಷೇಧವಾಗಿ ಬೆಳೆಯಿತು. ಬೆಳೆದದ್ದು ಎಲ್ಲಾದರೂ ಇಳಿಯಬೇಕಲ್ಲ, ಶಾಸನಸಭೆಯ ಕ್ಷಮಾಪಣೆಯಾಗಿ ಇಳಿಯಿತು. ಮಧ್ಯದ ಹದಿನೆಂಟು ವರ್ಷ ಪಾಪದ ಗಾಯಕ ಜಾರ್ಜಿಯಾದ ಗಡಿಯಾಚೆ ನಿಂತು 'ಜಾರ್ಜಿಯಾ ನನ್ನ ಮನದಲ್ಲಿದೆ' ಎಂದು ಹಾಡುತ್ತಿದ್ದರೆಂದು ಪ್ರೇಕ್ಷಕರು ಊಹಿಸಿಕೊಂಡು ಮರುಗಿದರು. ಇಂದಿಗೂ ಅದನ್ನೇ ಚರಿತ್ರೆಯೆಂದು ಹೇಳುವವರಿದ್ದಾರೆ.

ನೀವು ಅಂದುಕೊಳ್ಳಬಹುದು: ಹೋಗಲಿ ಬಿಡಿ, ಸಿನಿಮಾದವರು ಒಂದು ಸರ್ಕಾರದ ಮೇಲೆ ಸುಳ್ಳು ಆರೋಪ ಹೊರಿಸಿದರು, ಸರ್ಕಾರಗಳಿಗೆ ಅಷ್ಟಾದರೂ ಆಗಬೇಕು. ನಾನೂ ಮೊದಲು ಹಾಗೆಯೇ ಸಂತೋಷಪಟ್ಟೆ. ಆಮೇಲೆ ಲೆಕ್ಕ ಹಾಕಿ ನೋಡಿದರೆ ಲಾಭವೆಲ್ಲ ಸರ್ಕಾರದ ಕಡೆಗೇ ಬಂದಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮದು. ಈ ಚಿತ್ರದಲ್ಲಿ ಎಮ್ಮೆ ಕದ್ದವನು ಆರಾಮವಾಗಿ ಕುಳಿತಿದ್ದಾನೆ. ಸಿನಿಮಾದವರೇ ಬಂದು ಅವನ ಹೆಗಲ ಮೇಲೆ ಒಂದಿಷ್ಟು ಕುಂಬಳಕಾಯಿಯ ಬೂದಿ ಬಳಿದು, ವಾದ್ಯವೃಂದದ ಹಿನ್ನೆಲೆಯಲ್ಲಿ ಅದನ್ನು ಒರೆಸಿ, 'ನೋಡಿ, ಎಂಥ ದೊಡ್ಡ ಮನುಷ್ಯ, ಒಪ್ಪಿಕೊಂಡ' ಎಂದು ಚಪ್ಪಾಳೆ ಹೊಡೆಸಿ ಕಳಿಸುತ್ತಾರೆ. ಎಮ್ಮೆಯ ವಿಷಯ ಯಾರೂ ಎತ್ತುವುದಿಲ್ಲ. ಎಮ್ಮೆ ಎಂದರೆ ಒಬ್ಬ ಗಾಯಕನ ಒಂದು ಕಾರ್ಯಕ್ರಮವಲ್ಲ. ಎಲ್ಲಿ ಕೂರಬೇಕು, ಯಾವ ನಲ್ಲಿಯ ನೀರು ಕುಡಿಯಬೇಕು, ಯಾವ ಶಾಲೆಗೆ ಹೋಗಬೇಕು ಎಂದು ಲಕ್ಷಾಂತರ ಜನರಿಗೆ ಚರ್ಮ ನೋಡಿ ಹೇಳುತ್ತಿದ್ದ ಕಾನೂನುಗಳು. ಹೆಸರಾಂತ ಒಬ್ಬರಿಗೆ ಮಾಡದ ಅನ್ಯಾಯಕ್ಕೆ ಕ್ಷಮೆ ಕೇಳಿಸಿದರೆ ಹೆಸರಿಲ್ಲದ ಲಕ್ಷ ಜನರಿಗೆ ಮಾಡಿದ ಅನ್ಯಾಯದ ಬಾಬತ್ತು ಚುಕ್ತಾ ಆದ ಹಾಗೆ ಕಾಣುತ್ತದೆ. ಇದನ್ನೇ ಕಣ್ಕಟ್ಟು ಎನ್ನುವುದು.

1979ರಲ್ಲಿ ನಡೆದದ್ದೇನು ಎಂದರೆ, ಮಾರ್ಚ್ 7ರಂದು ರೇ ಚಾರ್ಲ್ಸ್ ಶಾಸನಸಭೆಯೆದುರು ಆ ಹಾಡನ್ನು ಹಾಡಿದರು. ಏಪ್ರಿಲ್ 24ಕ್ಕೆ ಅದು ರಾಜ್ಯದ ಅಧಿಕೃತ ಗೀತೆಯಾಯಿತು. ಇದು ನಿಜ, ಸಂತೋಷದ ವಿಷಯವೂ ಹೌದು. (ಆ ಹಾಡು ಬರೆದ ಇಬ್ಬರೂ ಇಂಡಿಯಾನಾ ಎಂಬ ಬೇರೆ ರಾಜ್ಯದವರು. ಅದು ರಾಜ್ಯದ ಮೇಲಿನ ಹಾಡೋ, ಸಂಯೋಜಕನ ಜಾರ್ಜಿಯಾ ಎಂಬ ತಂಗಿಯ ಮೇಲಿನದೋ ಎಂಬ ಜಗಳ ಹಳೆಯದು. ನಾಡಗೀತೆಗಳ ವಿಷಯದಲ್ಲಿ ಹೆಚ್ಚು ಕೆದಕಬಾರದು.) ಆದರೆ ಆ ವರ್ಷ ಜಾರ್ಜಿಯಾದ ಅಧಿಕೃತ ಬಾವುಟದಲ್ಲಿ ಏನಿತ್ತು ಗೊತ್ತೆ? ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಅಂತರ್ಯುದ್ಧ ಮಾಡಿದ ದಕ್ಷಿಣದ ಸೇನೆಯ ಲಾಂಛನ. ಅದೇನು ಹಳೆಯ ಕಾಲದಿಂದ ಬಂದು ಉಳಿದುಕೊಂಡದ್ದೂ ಅಲ್ಲ. ಶಾಲೆಗಳಲ್ಲಿ ವರ್ಣಭೇದ ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿದ ಎರಡು ವರ್ಷಕ್ಕೆ, 1956ರಲ್ಲಿ, ಹೊಸದಾಗಿ ಸೇರಿಸಿದ್ದು. 2001ರವರೆಗೂ ಹಾರಾಡಿತು. ಹಾಡಲು ಕರೆಸಿದ ಅತಿಥಿಗೆ ಕಣ್ಣು ಕಾಣದು ಎಂಬುದು ಆತಿಥೇಯರಿಗೆ ಎಷ್ಟು ಅನುಕೂಲವಾಗಿತ್ತೆಂದು ಒಮ್ಮೆ ಯೋಚಿಸಿ.

ಈಗ ಕಣ್ಣಿನ ವಿಷಯಕ್ಕೆ ಬರೋಣ. ಸಿನಿಮಾದವರ ಪ್ರಕಾರ ಅಂಧ ಸಂಗೀತಗಾರನಲ್ಲಿ ಮುಖ್ಯವಾದದ್ದು ಅದೇ ತಾನೆ.

ರೇ ಪಾತ್ರ ಮಾಡಿದ ಜೇಮಿ ಫಾಕ್ಸ್ ಅವರ ಕಣ್ಣಿಗೆ ಕೃತಕ ರೆಪ್ಪೆಗಳನ್ನು ಅಂಟಿಸಿ, ದಿನಕ್ಕೆ ಹದಿನಾಲ್ಕು ಗಂಟೆಯವರೆಗೂ ಹಾಗೇ ಇರಿಸಲಾಗುತ್ತಿತ್ತು. ಮೊದಮೊದಲು ಗಾಬರಿಯಿಂದ ಉಸಿರು ಕಟ್ಟಿದಂತಾಗುತ್ತಿತ್ತಂತೆ. ಚಿತ್ರ ಬಿಡುಗಡೆಯಾದಾಗ ಎಲ್ಲೆಲ್ಲೂ ಅಂಟಿನ ಮಾತೇ. ಅಬ್ಬಾ, ಹದಿನಾಲ್ಕು ಗಂಟೆ! ರೇ ಚಾರ್ಲ್ಸ್ ಅದನ್ನು ಅರುವತ್ತಾರು ವರ್ಷ ಮಾಡಿದ್ದರು, ಮಧ್ಯೆ ಊಟಕ್ಕೂ ಬಿಡುವಿರಲಿಲ್ಲ. 2005ರ ಫೆಬ್ರುವರಿಯಲ್ಲಿ ಫಾಕ್ಸ್‌ಗೆ ಶ್ರೇಷ್ಠ ನಟ ಆಸ್ಕರ್ ಬಂತು. ಅದಕ್ಕೂ ಹನ್ನೆರಡು ವರ್ಷ ಹಿಂದೆ ಅಲ್ ಪಚಿನೊ ಅವರಿಗೂ ಬಂದದ್ದು ಕಣ್ಣು ಕಾಣದ ಪಾತ್ರಕ್ಕೇ. ಅಷ್ಟು ವರ್ಷ ಕಣ್ಣು ಬಿಟ್ಟು ಮಾಡಿದ ನಟನೆಗೆಲ್ಲ ಅದು ಒಲಿದಿರಲಿಲ್ಲ.

ಫಾಕ್ಸ್ ಅವರನ್ನು ಹಗುರಾಗಿ ಮಾತಾಡುವುದು ನನ್ನ ಉದ್ದೇಶವಲ್ಲ. ಆತ ಬಾಲ್ಯದಿಂದ ಪಿಯಾನೊ ಕಲಿತವರು, ಸಂಗೀತದ ವಿದ್ಯಾರ್ಥಿವೇತನದಲ್ಲೇ ಕಾಲೇಜಿಗೆ ಹೋದವರು. ತೆರೆಯ ಮೇಲೆ ಕಾಣುವ ಬೆರಳುಗಳು ಅವರವೇ, ದನಿ ಬಹುಪಾಲು ರೇ ಚಾರ್ಲ್ಸ್ ಅವರದು. ಚಿತ್ರೀಕರಣಕ್ಕೆ ಮುನ್ನ ಇಬ್ಬರೂ ಎರಡು ಪಿಯಾನೊಗಳ ಮುಂದೆ ಕುಳಿತದ್ದನ್ನು ಫಾಕ್ಸ್ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಮುದುಕರು ಕಷ್ಟದ ಜಾಡಿಗೆ ಎಳೆದೊಯ್ದರು, ಇವರು ಒಂದು ಸ್ವರ ತಪ್ಪಿದರು. ಸ್ವರಗಳು ನಿನ್ನ ಬೆರಳ ಕೆಳಗೇ ಇವೆಯಲ್ಲಯ್ಯ ಎಂಬ ಅರ್ಥದಲ್ಲಿ ಗದರಿಸಿಕೊಂಡರು. ತಮ್ಮ ಪಾತ್ರ ಮಾಡುವವನಲ್ಲಿ ರೇ ಚಾರ್ಲ್ಸ್ ಪರೀಕ್ಷಿಸಿದ್ದು ಬೆರಳನ್ನು ಮತ್ತು ಕಿವಿಯನ್ನು. ಜಗತ್ತು ಮೆಚ್ಚಿದ್ದು ಅಂಟನ್ನು.

ಆ ಚಿತ್ರಕ್ಕೆ ಇನ್ನೊಂದು ಆಸ್ಕರ್ ಕೂಡ ಬಂದಿತ್ತು, ಧ್ವನಿ ಮಿಶ್ರಣಕ್ಕೆ. ನೆನಪಿದೆಯೇ? ಯಾರಿಗೂ ಇರುವುದಿಲ್ಲ.

ಚಿತ್ರಕಥೆಯನ್ನು ಬ್ರೈಲ್ ಲಿಪಿಯಲ್ಲಿ ಮಾಡಿಸಿ ರೇ ಚಾರ್ಲ್ಸ್ ಕೈಗೆ ಕೊಟ್ಟಿದ್ದರು. ಅವರು ಎತ್ತಿದ ತಕರಾರು ಎರಡೇ ಎನ್ನುತ್ತಾರೆ. ತಮ್ಮ ತಂಡದ ಗಾಯಕಿಗೆ ಹೆರಾಯಿನ್ ಚುಚ್ಚಿಕೊಳ್ಳುವುದನ್ನು ತಾವು ಕಲಿಸಿದಂತೆ ತೋರಿಸುವುದು ಬೇಡ, ಇದು ಒಂದು. ಇನ್ನೊಂದು, ಬಾಲಕ ರೇ ಒಲ್ಲದ ಮನಸ್ಸಿನಿಂದ ಪಿಯಾನೊ ಮುಟ್ಟುವಂತೆ ಬರೆದದ್ದು. ಹತ್ತು ಹೆಂಗಸರಿಂದ ಹನ್ನೆರಡು ಮಕ್ಕಳಿದ್ದ ಮನುಷ್ಯ, ತಮ್ಮದೇ ಹೆರಾಯಿನ್ ಚಟವನ್ನು ತೋರಿಸಿದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಪಿಯಾನೊ ಬಳಿ ಗೊಣಗುತ್ತ ಹೋದೆ ಎಂಬುದು ಮಾನಹಾನಿ. ಇದರ ಮುಂದೆ ಹದಿನಾಲ್ಕು ಗಂಟೆಯ ಅಂಟು ಯಾವ ಲೆಕ್ಕ?

ಆದರೆ ಸಿನಿಮಾಕ್ಕೆ ಪವಾಡ ಬೇಕು. ಒಂದು ದೃಶ್ಯದಲ್ಲಿ ಹೋಟೆಲಿನ ಗದ್ದಲದ ನಡುವೆ ಕುಳಿತ ರೇಗೆ ಕಿಟಕಿಯಾಚೆಯ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಯ ರೆಕ್ಕೆಯ ಸದ್ದು ಕೇಳಿಸುತ್ತದೆ. ಜೊತೆಗಿದ್ದ ಹುಡುಗಿ ಬೆರಗಾಗುತ್ತಾಳೆ. ಕಣ್ಣು ಕಿತ್ತುಕೊಂಡ ದೇವರು ಕಿವಿಯಲ್ಲಿ ಬಡ್ಡಿ ಸಮೇತ ಕೊಡುತ್ತಾನೆಂಬ ಈ ನಂಬಿಕೆ ಕಣ್ಣಿದ್ದವರಿಗೆ ಬಹಳ ಹಿತ. ನಿಜವಾದ ಪವಾಡ ಫ್ಲಾರಿಡಾದ ಸೇಂಟ್ ಅಗಸ್ಟೀನ್ ಊರಿನ ಶಾಲೆಯೊಂದರಲ್ಲಿ ನಡೆಯಿತು. ಎಡಗೈ ಬೆರಳಿನಿಂದ ಬ್ರೈಲ್ ಸ್ವರಲಿಪಿಯ ಒಂದು ಸಾಲು ಓದುವುದು, ಬಲಗೈಯಲ್ಲಿ ನುಡಿಸುವುದು. ಮತ್ತೆ ಬಲಗೈಯಿಂದ ಓದುವುದು, ಎಡಗೈಯಲ್ಲಿ ನುಡಿಸುವುದು. ಎರಡನ್ನೂ ನೆನಪಿನಲ್ಲಿ ಕೂಡಿಸಿ ನುಡಿಸುವುದು. ಹಾಳೆ ನೋಡಿಕೊಂಡು ಎರಡು ಕೈಯಲ್ಲೂ ಒಟ್ಟಿಗೆ ಬಾರಿಸುವ ಸೌಲಭ್ಯವೇ ಇಲ್ಲ, ಎಲ್ಲವೂ ಕಂಠಪಾಠ. ಅಲ್ಲಿ 1937ರಿಂದ 1945ರವರೆಗೆ ಆ ಹುಡುಗ ಕಲಿತದ್ದು ಇದನ್ನು. ಆ ಶಾಲೆಯಲ್ಲಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಕ್ಕಿಗೆ ಸಿಕ್ಕ ಸಮಯ ಅಭ್ಯಾಸಕ್ಕೆ ಸಿಗಲಿಲ್ಲ.

ನಿಂತಿದ್ದರೆ ಅದೇ ಶಾಲೆಯಲ್ಲಿ ಇನ್ನೊಂದು ದೃಶ್ಯವೂ ಸಿಗುತ್ತಿತ್ತು, ಯಾವ ಕಲ್ಪನೆಯ ಒಗ್ಗರಣೆಯೂ ಬೇಡದ್ದು. ಫ್ಲಾರಿಡಾ ರಾಜ್ಯ ನಡೆಸುತ್ತಿದ್ದ ಆ ಅಂಧ ಮಕ್ಕಳ ಶಾಲೆಯಲ್ಲಿ ಬಿಳಿಯ ಮಕ್ಕಳಿಗೆ ಒಂದು ವಿಭಾಗ, ಕಪ್ಪು ಮಕ್ಕಳಿಗೆ ಇನ್ನೊಂದು. ಮತ್ತೊಮ್ಮೆ ಓದಿಕೊಳ್ಳಿ. ಅಂಧ ಮಕ್ಕಳು, ಬಣ್ಣದ ಮೇಲೆ ವಿಂಗಡಣೆ. ಎರಡು ಮಕ್ಕಳನ್ನು ಒಂದು ಬೆಂಚಿನ ಮೇಲೆ ಕೂರಿಸಿದರೆ ಪಕ್ಕದವನು ಯಾವ ಬಣ್ಣ ಎಂದು ಇಬ್ಬರಿಗೂ ಗೊತ್ತಾಗುವ ಹಾಗಿಲ್ಲ. ಆಗ ಮೈಲಿಗೆ ತಟ್ಟುವುದು ಯಾರಿಗೆ? ನೋಡುತ್ತ ನಿಂತ ಮೇಷ್ಟರಿಗೆ. ಆದ್ದರಿಂದ ಈ ನಿಯಮ ಪಾಲನೆಯಾಗಬೇಕಾದರೆ ಕಣ್ಣು ಚೆನ್ನಾಗಿರುವ ಒಬ್ಬ ನೌಕರ ಸದಾ ಕಾವಲಿಗೆ ಇರಲೇಬೇಕು. ಮಕ್ಕಳಿಗೆ ಕಾಣದ್ದನ್ನು ಅವರ ಪರವಾಗಿ ಕಾಣುವುದೇ ಅವನ ಉದ್ಯೋಗ. ಅದಕ್ಕೆ ಸಂಬಳ, ಬಹುಶಃ ಪಿಂಚಣಿ. ಈ ವ್ಯವಸ್ಥೆ 1960ರ ದಶಕದವರೆಗೂ ಸಾಗಿತು. ಕಾಣದವರು ಯಾರು ಎಂದು ಆ ಶಾಲೆಯ ಗೇಟಿನ ಬಳಿ ನಿಂತು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು.

ಜಾಣಕುರುಡು ಎಂಬ ಮಾತನ್ನು ಕಟ್ಟಿದ ನಮ್ಮ ಹಿರಿಯರು ಈ ಶಾಲೆಯನ್ನು ನೋಡಿರಲಿಲ್ಲ, ಆದರೂ ಪದ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ. ನನ್ನ ಕೈಯಲ್ಲಿದ್ದಿದ್ದರೆ ಆ ಸಲದ ಶ್ರೇಷ್ಠ ನಟ ಪ್ರಶಸ್ತಿಯನ್ನು ಶಾಸನಸಭೆಗಳಿಗೆ ಹಂಚುತ್ತಿದ್ದೆ. ರೆಪ್ಪೆ ಅಂಟಿಸದೆ, ಉಸಿರು ಕಟ್ಟದೆ, ಇಷ್ಟು ದಶಕ ಕಾಣದವರ ಪಾತ್ರ ಮಾಡಿದ ನಟರು ಬೇರೆಲ್ಲಿ ಸಿಕ್ಕಾರು?

ಇರಲಿ. ಈ ಚಿತ್ರ ತೋರಿಸಿಕೊಟ್ಟ ಆಡಳಿತ ಸೂತ್ರವನ್ನು ಲೋಕದ ಸರ್ಕಾರಗಳು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದೇ ನನ್ನ ಬೇಸರ. ನಿಜವಾದ ತಪ್ಪಿಗೆ ಕ್ಷಮೆ ಕೇಳುವುದು ದುಬಾರಿ: ತನಿಖಾ ಆಯೋಗ ಬೇಕು, ಪರಿಹಾರ ಕೊಡಬೇಕು, ಹಳೆಯ ಕಡತ ತೆಗೆಯಬೇಕು, ಬದುಕಿರುವ ತಪ್ಪಿತಸ್ಥರು ಮುನಿಸಿಕೊಳ್ಳುತ್ತಾರೆ. ಮಾಡದ ತಪ್ಪಿಗಾದರೆ ಇದಾವುದೂ ಇಲ್ಲ. ಒಬ್ಬ ಚಿತ್ರಕಥೆಗಾರನನ್ನು ಹಿಡಿದು ಸಣ್ಣದೊಂದು ಅನ್ಯಾಯ ಬರೆಸಬೇಕು. ಅನ್ಯಾಯಕ್ಕೊಳಗಾದವರು ಜನಪ್ರಿಯರಾಗಿರಬೇಕು, ಆಗಲೇ ಸನ್ಮಾನ ಮುಗಿಸಿಕೊಂಡವರಾದರೆ ಇನ್ನೂ ಒಳ್ಳೆಯದು. ಎರಡು ಗಂಟೆಯ ನಂತರ ಸಭಾಧ್ಯಕ್ಷರು ಗದ್ಗದಿತರಾಗಬೇಕು. ಜಾರ್ಜಿಯಾಕ್ಕೆ ಇದು ಪುಕ್ಕಟೆಯಾಗಿ ಸಿಕ್ಕಿತು. ಕ್ಷಮೆ ಕೇಳುವ ಆಯಾಸವನ್ನೂ ಸಿನಿಮಾದವರೇ ವಹಿಸಿಕೊಂಡರು. ಆ ದೃಶ್ಯ ತೆರೆಗೆ ಬರುವ ಹೊತ್ತಿಗೆ ಕ್ಷಮಿಸಬೇಕಾದವರೂ ಇರಲಿಲ್ಲ. ರೇ ಚಾರ್ಲ್ಸ್ ತೀರಿಕೊಂಡದ್ದು 2004ರ ಜೂನ್ 10, ಚಿತ್ರ ಬಿಡುಗಡೆಯಾದದ್ದು ಅಕ್ಟೋಬರ್ ಕೊನೆಗೆ.

ನಿರ್ದೇಶಕರ ಕಷ್ಟವೂ ನನಗೆ ಅರ್ಥವಾಗುತ್ತದೆ. ನಿಜಕ್ಕೇ ಅಂಟಿಕೊಂಡಿದ್ದರೆ ಅವರಿಗೆ ಸಿಗುತ್ತಿದ್ದ ಅಂತ್ಯ ಇದು: ಪಂಕ್ತಿಭೇದ ಒಲ್ಲೆ ಎಂದು 1961ರಲ್ಲಿ ಎದ್ದುಹೋದ ಮನುಷ್ಯ, 757 ಡಾಲರ್ ತೀರ್ಪಿನ ಮರುವರ್ಷ, 1963ರ ಅಕ್ಟೋಬರ್ 23ರಂದು, ಅಗಸ್ಟಾದ ಅದೇ ಬೆಲ್ ಸಭಾಂಗಣಕ್ಕೆ ತಮ್ಮ ವಾದ್ಯವೃಂದ ಕಟ್ಟಿಕೊಂಡು ಬಂದರು. ಈ ಸಲ ಬಣ್ಣದ ಬೇಲಿ ಇರಲಿಲ್ಲ. ಯಾರೂ ಕ್ಷಮೆ ಕೇಳಲಿಲ್ಲ, ಅವರೂ ಕೇಳಿಸಿಕೊಳ್ಳಲು ಬಂದಿರಲಿಲ್ಲ. ಪಿಯಾನೊ ಮುಂದೆ ಕುಳಿತರು, ಹಾಡಿದರು, ಹೋದರು. ಇದರಲ್ಲಿ ಅಳುವುದಕ್ಕೆ ಏನಿದೆ?