ಸುಮ್ನೆ ಕೂತು ನೋಡೋಕೆ ಏನು ಕಷ್ಟ?

ಮೊನ್ನೆ ಭಾನುವಾರ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಅಘನಾಶಿನಿ ನದಿ ಕಡಲು ಸೇರುವ ಅಳಿವೆಗೆ ಹೋಗಿದ್ದೆ. ಹಕ್ಕಿ ನೋಡಲು ನಸುಕಿನಲ್ಲೇ ಏಳಬೇಕು ಅನ್ನೋದು ಕಾಡಿನ ಲೆಕ್ಕ. ಅಳಿವೆಯಲ್ಲಿ ಸೂರ್ಯನ ಮಾತು ನಡೆಯಲ್ಲ, ಭರತ ಇಳಿತದ್ದೇ ಕಾರುಬಾರು. ಅವತ್ತು ನೀರು ಪೂರ್ತಿ ಇಳಿಯುವುದು ಹತ್ತೂವರೆಗೆ. ಹಾಗಾಗಿ ಕುಮಟಾದಲ್ಲಿ ಆರಾಮಾಗಿ ಬನ್ಸ್ ತಿಂದೇ ಹೋದೆ.

ಕೆಸರು ಬಯಲಾದ ಹಾಗೆ ಪುಟ್ಟ ವಲಸೆ ಹಕ್ಕಿಗಳಾದ ಸ್ಯಾಂಡ್ ಪ್ಲವರ್‌ಗಳು ಇಳಿದವು. ಬೈನಾಕ್ಯುಲರ್ ಇಲ್ಲದಿದ್ದರೆ ಮಣ್ಣಿನ ಹೆಂಟೆ ಅಂತಲೇ ತಿಳಿಯಬೇಕು. ನಾಲ್ಕು ಹೆಜ್ಜೆ ಓಡುತ್ತವೆ, ಟಕ್ಕನೆ ನಿಲ್ಲುತ್ತವೆ, ಕುಕ್ಕುತ್ತವೆ, ಮತ್ತೆ ಓಡುತ್ತವೆ. ಒಂದರ ಬೆನ್ನಿನ ಗರಿಗರಿಗೂ ತೆಳ್ಳಗೆ ಕೆನೆಬಣ್ಣದ ಅಂಚಿತ್ತು. ಅಂದರೆ ಈ ವರ್ಷದ ಮರಿ. ಇಂಥ ಎಷ್ಟೋ ಹಕ್ಕಿಗಳಲ್ಲಿ ಅಪ್ಪ ಅಮ್ಮ ಮೊದಲೇ ಹೊರಟುಬಿಡುತ್ತವೆ. ಮರಿಗಳು ಆಮೇಲೆ ತಮ್ಮಷ್ಟಕ್ಕೆ ದಾರಿ ಹುಡುಕಿಕೊಂಡು ಬರುತ್ತವೆ. ಅದೂ ಹಿಮಾಲಯದ ಆಚೆಯಿಂದ! ತೂಕ 70 ಗ್ರಾಂ ಆಸುಪಾಸು. ನಮಗೆ ಕುಮಟಾ ಪೇಟೆಯಲ್ಲಿ ಪಾರ್ಕಿಂಗ್ ಹುಡುಕಲೂ ಗೂಗಲ್ ಮ್ಯಾಪ್ ಬೇಕು.

2022ರಲ್ಲಿ ಗಾಡ್‌ವಿಟ್ ಎಂಬ ಇನ್ನೊಂದು ವಲಸೆ ಹಕ್ಕಿಯ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿ.ಮೀ. ಹಾರಿತು. 11 ದಿನ, ಎಲ್ಲೂ ಇಳಿಯದೆ. ಹೊರಡುವ ಮೊದಲು ತಿಂದು ಕೂಡಿಟ್ಟ ಕೊಬ್ಬೇ ಅದರ ಪೆಟ್ರೋಲ್.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಇಂಥ ಹಕ್ಕಿಗಳಿಗೆ ತಿನ್ನುವ ಹೊತ್ತು ಅಷ್ಟು ಮುಖ್ಯ. ಅಷ್ಟರಲ್ಲಿ ಕ್ಯಾಮೆರಾ ಹೊತ್ತು ಮೂವರು ಬಂದರು. ಒಬ್ಬ ಚಪ್ಪಾಳೆ ತಟ್ಟುತ್ತ ಹಿಂಡಿನತ್ತ ಓಡಿದ. ಇನ್ನೊಬ್ಬ ರೀಲ್ ಮಾಡಿದ. ಹಿಂಡು ಎದ್ದು ಎರಡು ಸುತ್ತು ಹಾಕಿ ಆಚೆ ದಡಕ್ಕೆ ಹೋಯಿತು. ಹತ್ತಿರದಲ್ಲಿ ಬಳಚು, ಅಂದರೆ ತಿನ್ನುವ ಚಿಪ್ಪು, ತೆಗೆಯುತ್ತಿದ್ದ ಅಕ್ಕ ಬಗ್ಗಿದಲ್ಲಿಂದಲೇ ಕೇಳಿದರು: "ಎಂತಕೆ ಓಡ್ಸ್ತೆ ತಮಾ? ಅವು ತಿನ್ನೂಕೆ ಬಂದವೆ."

ಆ ಅಕ್ಕನಿಂದ ಇಪ್ಪತ್ತು ಅಡಿ ದೂರದಲ್ಲಿ ಒಂದು ವಿಂಬ್ರೆಲ್ ಹಕ್ಕಿ ಬಾಗಿದ ಕೊಕ್ಕನ್ನು ಏಡಿಯ ಬಿಲಕ್ಕೆ ತೂರಿಸುತ್ತ ನಿಂತಿತ್ತು. ಇವರು ಅದನ್ನು ನೋಡಲ್ಲ, ಅದು ಇವರಿಗೆ ಹೆದರಲ್ಲ. ಇಬ್ಬರಿಗೂ ಅದೇ ಕೆಸರು, ಅದೇ ಮೂರ್ನಾಲ್ಕು ತಾಸು. ನೀರು ಏರಿದರೆ ಇಬ್ಬರ ಅಂಗಡಿಯೂ ಬಂದ್.

ನಾನು ಆ ಹುಡುಗರಿಗೆ ಏನೂ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ? ನನ್ನ ಈ ಪ್ರೊಫೈಲಿನ ಕವರ್ ಫೋಟೋ ನೋಡಿ. ನೂರಾರು ಕಡಲಕ್ಕಿ ಒಟ್ಟಿಗೆ ಎದ್ದಿದ್ದಕ್ಕೆ ನೀವೆಲ್ಲ "ವಾವ್" ಅಂದಿದ್ದಿರಲ್ವಾ? ಅವು ತಾವಾಗಿ ಎದ್ದದ್ದಲ್ಲ. ಎಂಟು ವರ್ಷದ ಹಿಂದೆ ನಾನೇ ಓಡಿ ಎಬ್ಬಿಸಿದ್ದು.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಯಿಂದ ಪೋಸ್ಟ್ ಹಾಕಿದೆವು. 4,801 ಹೆಕ್ಟೇರ್ ಜಾಗ ಅದು. ಅಷ್ಟರಲ್ಲೂ ಹಕ್ಕಿಯ ಕಾಲಬುಡಕ್ಕೇ ಹೋಗಬೇಕು ಅನ್ನೋದು ಎಂಥ ಚಟ ಅಂತ.

ಮುಕ್ಕಾಲು ತಾಸಾದ ಮೇಲೆ ಅರ್ಧ ಹಿಂಡು ವಾಪಸ್ ಬಂತು. ಕೆನೆ ಅಂಚಿನ ಮರಿಯನ್ನು ಹುಡುಕಿದೆ, ಕಾಣಲಿಲ್ಲ. ಅಷ್ಟರಲ್ಲಿ ನೀರು ಏರತೊಡಗಿತ್ತು. ಅಕ್ಕ ಬುಟ್ಟಿ ತೊಳೆದು ದಡಕ್ಕೆ ಬಂದರು. ನೂರು ಬಳಚು ಕೊಂಡೆ. ಕವರ್ ಫೋಟೋ ಇವತ್ತು ತೆಗೀತಿದ್ದೇನೆ.